ಮಂಜುಗಡ್ಡೆ ಬಯಲಿನ ಮೇಲಿನ ಮೊದಲ ನೂರು ಮೀಟರ್: ಡೋಮ್ ಸಿ ಮಾಡೆಲ್ ಕಟ್ಟುವುದು ಹೇಗೆ

"ನನ್ನ ಮಾಡೆಲ್ ಬೇರೆ ಎಲ್ಲಾ ಕಡೆ ಚೆನ್ನಾಗಿ ಓಡುತ್ತದೆ. ಅಂಟಾರ್ಕ್ಟಿಕಾದ ಒಳನಾಡಿಗೆ ಹಾಕಿದರೆ ಮಾತ್ರ ಚಳಿಗಾಲದಲ್ಲಿ ನೆಲದ ಹತ್ತಿರ ಏಳೆಂಟು ಡಿಗ್ರಿ ಬೆಚ್ಚಗೆ ಬರುತ್ತದೆ. ಎಲ್ಲಿ ತಪ್ಪಿದೆ?"

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಮಾಡೆಲ್ ಅಂದರೆ ಗಾಳಿ, ತಾಪಮಾನ ಹೇಗೆ ಬದಲಾಗುತ್ತವೆ ಎಂದು ಲೆಕ್ಕ ಹಾಕುವ ಹವಾಮಾನದ ಕಂಪ್ಯೂಟರ್ ಪ್ರೋಗ್ರಾಂ. ಸಣ್ಣ ಉತ್ತರ ಇಷ್ಟೇ: ಸಾಮಾನ್ಯವಾಗಿ ಮಾಡೆಲ್ ಕೆಟ್ಟಿರುವುದಿಲ್ಲ. ಅದಕ್ಕೆ ಬೆಚ್ಚನೆಯ ಊರಿನ ಅಭ್ಯಾಸಗಳು ಅಂಟಿಕೊಂಡಿರುತ್ತವೆ. ಅವನ್ನು ಹುಡುಕಿ ಒಂದೊಂದಾಗಿ ಬಿಡಿಸಬೇಕು. ಉದ್ದದ ಉತ್ತರ ಕೆಳಗಿದೆ.

ಉದಾಹರಣೆಗೆ ಡೋಮ್ ಸಿ ಎಂಬ ಜಾಗವನ್ನು ಹಿಡಿದಿದ್ದೇನೆ. ಅದು ಪೂರ್ವ ಅಂಟಾರ್ಕ್ಟಿಕಾದ ಪ್ರಸ್ಥಭೂಮಿಯ ಮೇಲೆ, ದಕ್ಷಿಣ ಅಕ್ಷಾಂಶ 75.1 ಡಿಗ್ರಿ, ಪೂರ್ವ ರೇಖಾಂಶ 123.3 ಡಿಗ್ರಿಯಲ್ಲಿದೆ. ಎತ್ತರ 3,233 ಮೀಟರ್. ಫ್ರಾನ್ಸ್ ಮತ್ತು ಇಟಲಿ ಸೇರಿ ನಡೆಸುವ ಕಾಂಕೋರ್ಡಿಯಾ ನಿಲ್ದಾಣ ಅಲ್ಲೇ ಇದೆ. 2005ರಿಂದ ವರ್ಷವಿಡೀ ಜನ ಇದ್ದಾರೆ. ಈ ಜಾಗವನ್ನೇ ಆರಿಸಿದ್ದಕ್ಕೆ ಕಾರಣ, ಅಲ್ಲಿ 45 ಮೀಟರ್ ಎತ್ತರದ ಒಂದು ಟವರ್ ಇದೆ. ಮಾಡೆಲ್ ಮಾಡುವವರಿಗೆ ಅದಕ್ಕಿಂತ ದೊಡ್ಡ ಆಸ್ತಿ ಆ ಬಯಲಿನಲ್ಲಿ ಬೇರೆ ಇಲ್ಲ.

ಮೊದಲು ಎರಡು ಪದ

ಗಡಿಪದರ ಅಂದರೆ ನೆಲದ ಬಿಸಿ, ತಂಪು, ಒರಟುತನ ನೇರವಾಗಿ ತಟ್ಟುವ ಗಾಳಿಯ ಕೆಳಪದರ. ಬಯಲುಸೀಮೆಯ ಬೇಸಿಗೆ ಮಧ್ಯಾಹ್ನ ಇದು ಒಂದೆರಡು ಕಿಲೋಮೀಟರ್ ದಪ್ಪ ಇರಬಹುದು. ಡೋಮ್ ಸಿಯ ಚಳಿಗಾಲದಲ್ಲಿ ಎಷ್ಟೋ ದಿನ 30 ಮೀಟರ್ ಕೂಡ ಇರುವುದಿಲ್ಲ. ಟೆಲಿಸ್ಕೋಪನ್ನು ಆ ಪದರದ ಮೇಲಕ್ಕೆ ಎತ್ತಿಟ್ಟರೆ ನಕ್ಷತ್ರ ಅಲುಗಾಡದೆ ಕಾಣುತ್ತದೆ. ಅದಕ್ಕೇ ಖಗೋಳ ವಿಜ್ಞಾನಿಗಳಿಗೂ ಈ ಜಾಗದ ಮೇಲೆ ಕಣ್ಣು.

ಇನ್ವರ್ಷನ್ ಅಂದರೆ ಕೆಳಗೆ ಚಳಿ, ಮೇಲೆ ಬೆಚ್ಚಗೆ. ಧನುರ್ಮಾಸದ ಬೆಳಗ್ಗೆ ಹಳ್ಳಿಯಲ್ಲಿ ಒಲೆಯ ಹೊಗೆ ಮೇಲೇಳದೆ ಹಂಚಿನ ಮಟ್ಟದಲ್ಲೇ ಹಾಸಿಕೊಂಡಿರುವುದನ್ನು ನೋಡಿರುತ್ತೀರಿ, ಅಲ್ವಾ? ಅದೇ ಇನ್ವರ್ಷನ್. ನಮ್ಮಲ್ಲಿ ಬಿಸಿಲೇರಿದರೆ ಕರಗಿ ಹೋಗುತ್ತದೆ. ಡೋಮ್ ಸಿಯಲ್ಲಿ ಮೇ ತಿಂಗಳ ಶುರುವಿನಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯನೇ ಹುಟ್ಟುವುದಿಲ್ಲ. ಹಾಗಾಗಿ ಗಾಳಿ ಜೋರಾಗುವವರೆಗೆ ಅದು ಕದಲುವುದಿಲ್ಲ. ಹಿಮದ ಮೇಲ್ಮೈಗೂ ಹತ್ತು ಮೀಟರ್ ಮೇಲಿನ ಗಾಳಿಗೂ 20 ಡಿಗ್ರಿ ವ್ಯತ್ಯಾಸ ಅಲ್ಲಿ ಅಪರೂಪವೇನಲ್ಲ.

ಏನೇನು ಬೇಕು

ಪೈಥಾನ್ ಅಥವಾ ಫೋರ್ಟ್ರಾನ್ ಓದಿ ತಿದ್ದಲು ಬರಬೇಕು. ಒಂದು ಸಿಂಗಲ್ ಕಾಲಮ್ ಮಾಡೆಲ್ ಬೇಕು. ಅಂದರೆ ಒಂದೇ ಜಾಗದ ಮೇಲೆ ನಿಂತ ಗಾಳಿಯ ಕಂಬವನ್ನು ಮಾತ್ರ ಲೆಕ್ಕ ಹಾಕುವ ಮಾಡೆಲ್. ಹವಾಮಾನ ಕೇಂದ್ರಗಳ ದೊಡ್ಡ ಮಾಡೆಲ್‌ಗಳಿಗೆ ಇಂಥ ಕಿರುರೂಪ ಇದ್ದೇ ಇರುತ್ತದೆ. ಸಂಶೋಧಕರು ತುಂಬಾ ಬಳಸುವ ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮಾಡೆಲ್‌ನಲ್ಲೂ ಇದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಮೂರು ಆಯಾಮದ ಮಾಡೆಲ್‌ಗೆ ಮೊದಲ ದಿನವೇ ಕೈ ಹಾಕಬೇಡಿ. ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ.

1. ದಿನ ಆರಿಸಿ

ಹೊಸಬರಿಗೆ ನಾನು ಸೂಚಿಸುವುದು ಒಂದೇ ದಿನ: 2009ರ ಡಿಸೆಂಬರ್ 11. ಗಡಿಪದರದ ಮಾಡೆಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಗ್ಯಾಬಲ್ಸ್ ಎಂಬ ಅಂತರರಾಷ್ಟ್ರೀಯ ಹೋಲಿಕೆ ಸರಣಿಯ ನಾಲ್ಕನೆಯ ಕಂತು ಈ ದಿನದ ಡೋಮ್ ಸಿಯನ್ನೇ ಆರಿಸಿಕೊಂಡಿತ್ತು. ಮೊದಲ ಕಂತು ಆರ್ಕ್ಟಿಕ್‌ನದು, ಎರಡನೆಯದು ಅಮೆರಿಕದ ಕ್ಯಾನ್ಸಸ್‌ನದು, ಮೂರನೆಯದು ನೆದರ್‌ಲ್ಯಾಂಡ್ಸ್‌ನ ಕಬೌ ಟವರ್‌ನದು. ಗ್ಯಾಬಲ್ಸ್-4ರಲ್ಲಿ ಹಿಮದ ಮಾಡೆಲನ್ನೂ ಸೇರಿಸಿ ಓಡಿಸುವ ಹಂತವಿದೆ. ಮೇಲ್ಮೈ ತಾಪಮಾನವನ್ನು ಕೈಯಾರೆ ಕೊಟ್ಟು ಓಡಿಸುವ ಹಂತವೂ ಇದೆ. ನಿಮ್ಮ ಉತ್ತರವನ್ನು ಬೇರೆ ಮಾಡೆಲ್‌ಗಳ ಉತ್ತರದ ಪಕ್ಕದಲ್ಲಿಟ್ಟು ನೋಡಬಹುದು.

ಬೇಸಿಗೆಯ ದಿನ ಯಾಕೆ ಎಂದು ಕೇಳುತ್ತೀರಿ. ಆ ದಿನ ಸೂರ್ಯ ಮುಳುಗುವುದಿಲ್ಲ. ನಡುಹಗಲಲ್ಲಿ ದಿಗಂತದಿಂದ ಸುಮಾರು 38 ಡಿಗ್ರಿ ಮೇಲಿರುತ್ತಾನೆ, ನಡುರಾತ್ರಿ ಬರೀ 8 ಡಿಗ್ರಿ. ಅಷ್ಟು ಕೆಳಗಿಳಿದ ಬಿಸಿಲು ಹಿಮವನ್ನು ಕಾಯಿಸಲಾರದು. ಹಾಗಾಗಿ 'ರಾತ್ರಿ' ತೆಳ್ಳಗಿನ, ಗಟ್ಟಿ ಇನ್ವರ್ಷನ್. ಹಗಲಲ್ಲಿ ನಮ್ಮೂರಿನ ಹಾಗೆಯೇ ಬುಗ್ಗೆಯೆದ್ದು ಕಲಕಾಡುವ ನೂರಾರು ಮೀಟರ್ ಪದರ. ಎರಡೂ ಮುಖ 24 ಗಂಟೆಯಲ್ಲಿ ನೋಡಲು ಸಿಗುತ್ತವೆ.

ಎಡವುವ ಜಾಗ: ಸಮಯ. ಸ್ಥಳೀಯ ಗಡಿಯಾರ ಯುಟಿಸಿಗಿಂತ, ಅಂದರೆ ಜಾಗತಿಕ ಪ್ರಮಾಣಿತ ಸಮಯಕ್ಕಿಂತ, 8 ಗಂಟೆ ಮುಂದಿದೆ. ಅಲ್ಲಿನ ನಡುಹಗಲು ಯುಟಿಸಿ ಲೆಕ್ಕದಲ್ಲಿ ಸುಮಾರು ಬೆಳಗಿನ ಜಾವ 3:40. ಗ್ರಾಫ್ ನೋಡಿ "ರಾತ್ರಿ ಬೆಚ್ಚಗಿದೆಯಲ್ಲ" ಎಂದು ಗಾಬರಿಯಾಗುವ ಮುಂಚೆ ಅಕ್ಷದ ಮೇಲೆ ಯಾವ ಗಡಿಯಾರ ಇದೆ ನೋಡಿ.

2. ಅಳತೆಗಳನ್ನು ತನ್ನಿ, ಆದರೆ ಸುಮ್ನೆ ನಂಬಬೇಡಿ

ಟವರ್‌ನಲ್ಲಿ ಆರು ಮಟ್ಟದಲ್ಲಿ ತಾಪಮಾನ ಮತ್ತು ಗಾಳಿಯ ಅಳತೆ ಇದೆ. ಕೆಳಗಿನದು ಮೂರು ಮೀಟರ್ ಚಿಲ್ಲರೆ, ಮೇಲಿನದು 42ರ ಹತ್ತಿರ. ಬಿಎಸ್‌ಆರ್‌ಎನ್ ಎಂಬ ಜಾಗತಿಕ ವಿಕಿರಣ ಜಾಲದ ಕೇಂದ್ರವೂ ಅಲ್ಲಿದೆ. ಬಿಸಿಲೆಷ್ಟು ಬಂತು, ಆಕಾಶದಿಂದ ಶಾಖವೆಷ್ಟು ಬಂತು ಎಂಬುದು ಅದರಿಂದ ಸಿಗುತ್ತದೆ. ದಿನಕ್ಕೊಮ್ಮೆ, ಯುಟಿಸಿ 12ಕ್ಕೆ, ಬಲೂನ್ ಹಾರಿಸುತ್ತಾರೆ. ಇನ್ನು ಈ ಅಳತೆಗಳ ಕಾಯಿಲೆಗಳು.

ಒಂದು, ಬೇಸಿಗೆಯಲ್ಲಿ ಥರ್ಮಾಮೀಟರ್ ಸುಳ್ಳು ಹೇಳುತ್ತದೆ. ಬಿಸಿಲು ಮೇಲಿನಿಂದಲೂ ಬರುತ್ತದೆ, ಬಿಳಿ ಹಿಮದಿಂದ ತಿರುಗಿ ಕೆಳಗಿನಿಂದಲೂ ಬರುತ್ತದೆ. ಗಾಳಿ ಇಲ್ಲದ ಹೊತ್ತಿನಲ್ಲಿ ಬರೀ ತಟ್ಟೆಗಳ ಮರೆಯಲ್ಲಿಟ್ಟ ಸೆನ್ಸರ್ 10 ಡಿಗ್ರಿಯಷ್ಟು ಹೆಚ್ಚು ತೋರಿಸಿದ್ದೂ ಉಂಟು. ಫ್ಯಾನ್ ಹಾಕಿ ಗಾಳಿ ಎಳೆಯುವ ಮರೆಯಲ್ಲಿಟ್ಟ ಸೆನ್ಸರ್‌ನ ದತ್ತಾಂಶ ಮಾತ್ರ ತೆಗೆದುಕೊಳ್ಳಿ.

ಎರಡು, ತೇವಾಂಶ. ಅಲ್ಲಿನ ಗಾಳಿಯಲ್ಲಿ, ನೀರಿನ ಬದಲು ಹಿಮಕ್ಕೆ ಹೋಲಿಸಿ ಲೆಕ್ಕ ಹಾಕಿದ ಸಾಪೇಕ್ಷ ತೇವಾಂಶ ಎಷ್ಟೋ ಸಲ ಶೇಕಡಾ 100 ದಾಟುತ್ತದೆ. ಸಾಮಾನ್ಯ ಸೆನ್ಸರ್‌ನ ಮೇಲೆ ಆ ಹೆಚ್ಚುವರಿ ಆವಿ ಇಬ್ಬನಿಗಡ್ಡೆಯಾಗಿ ಕೂತುಬಿಡುತ್ತದೆ, ಓದು 100ಕ್ಕೆ ನಿಲ್ಲುತ್ತದೆ. ಗಾಳಿಯನ್ನು ಸ್ವಲ್ಪ ಕಾಯಿಸಿ ಅಳೆಯುವ ಉಪಕರಣ ಬೇಕು. ಮಾಡೆಲ್ ಒಳಗೂ ನೋಡಿ: ಮೈನಸ್ 30ರಲ್ಲಿ ಹಿಮದ ಮೇಲಿನ ಪರ್ಯಾಪ್ತ ಆವಿ ಒತ್ತಡ (ಗಾಳಿ ಆವಿಯಿಂದ ತುಂಬಿದಾಗಿನ ಒತ್ತಡ) 0.38 ಹೆಕ್ಟೋಪಾಸ್ಕಲ್, ನೀರಿನದು 0.51. ಕೋಡ್ ನೀರಿನ ಸೂತ್ರ ಬಳಸುತ್ತಿದ್ದರೆ ಮೂರನೇ ಒಂದು ಭಾಗದಷ್ಟು ತಪ್ಪು ಅಲ್ಲೇ ಆಯಿತು.

ಮೂರು, ಟವರ್ ವರ್ಷ ವರ್ಷ ಗಿಡ್ಡವಾಗುತ್ತದೆ! ಹಿಮ ವರ್ಷಕ್ಕೆ ಹತ್ತು ಸೆಂಟಿಮೀಟರ್‌ನ ಆಸುಪಾಸು ಏರುತ್ತದೆ, ಸೆನ್ಸರ್ ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ಮೀಟರಿಗೆ ಒಂದೆರಡು ಡಿಗ್ರಿ ಬದಲಾಗುವ ಜಾಗದಲ್ಲಿ ಐದು ವರ್ಷದ ಹಿಂದಿನ ಎತ್ತರ ಹಾಕಿಕೊಂಡರೆ ಅರ್ಧ, ಒಂದು ಡಿಗ್ರಿ ತಪ್ಪು ಪುಕ್ಕಟೆ.

ನಾಲ್ಕು, ಬಲೂನ್. ಅದು ಬೇಗ ಬೇಗ ಏರುತ್ತದೆ, ಸೆನ್ಸರ್‌ಗೆ ಹೊಂದಿಕೊಳ್ಳಲು ಸಮಯ ಬೇಕು. ಹಾಗಾಗಿ ಮೊದಲ ಕೆಲವು ಹತ್ತು ಮೀಟರ್‌ಗಳ ಚೂಪಾದ ಇನ್ವರ್ಷನ್ ಅದರಲ್ಲಿ ಅಳಿಸಿ ಹೋದಂತೆ ಕಾಣುತ್ತದೆ. 40 ಮೀಟರ್‌ವರೆಗೆ ಟವರ್, ಅದರ ಮೇಲೆ ಬಲೂನ್: ಹೀಗೆ ಹೊಲಿದುಕೊಳ್ಳಿ.

3. ಒತ್ತಡದ ಮಟ್ಟಗಳ ಬಲೆ

ಇದು ಸಣ್ಣ ಹಂತ. ಆದರೆ ತುಂಬಾ ಜನ ಬೀಳುವುದು ಇಲ್ಲೇ. ಡೋಮ್ ಸಿಯ ನೆಲದ ಮೇಲೆ ಒತ್ತಡ ಸುಮಾರು 645 ಹೆಕ್ಟೋಪಾಸ್ಕಲ್. ಮರುವಿಶ್ಲೇಷಣೆ ದತ್ತಾಂಶ ಇಳಿಸಿಕೊಂಡರೆ 700, 850, 925ರ ಮಟ್ಟದಲ್ಲೂ ತಾಪಮಾನ, ಗಾಳಿ ಎಲ್ಲ ಇರುತ್ತವೆ. ಮರುವಿಶ್ಲೇಷಣೆ ಅಂದರೆ ಹಳೆಯ ಅಳತೆಗಳನ್ನೂ ಮಾಡೆಲನ್ನೂ ಬೆರೆಸಿ ಕಟ್ಟಿದ ಹವೆಯ ದಾಖಲೆ. ಆ ಮೂರೂ ಮಟ್ಟ ಮಂಜುಗಡ್ಡೆಯ ಒಳಗಿವೆ! ಅಲ್ಲಿ ಗಾಳಿಯೇ ಇಲ್ಲ, ಇರುವುದು ಅಂದಾಜಿನ ಅಂಕಿ. ಒತ್ತಡದ ಮಟ್ಟ ಬಿಟ್ಟು ಮಾಡೆಲ್ ಮಟ್ಟದ ದತ್ತಾಂಶವನ್ನೇ ಇಳಿಸಿಕೊಳ್ಳಿ.

ವಿಭವ ತಾಪಮಾನದ್ದೂ ಇದೇ ಕಥೆ. ಗಾಳಿಯನ್ನು 1000 ಹೆಕ್ಟೋಪಾಸ್ಕಲ್‌ಗೆ ಇಳಿಸಿದರೆ ಎಷ್ಟು ಬಿಸಿಯಾಗುತ್ತದೋ ಅದು ವಿಭವ ತಾಪಮಾನ. ಮೈನಸ್ 30 ಡಿಗ್ರಿಯ ಡೋಮ್ ಸಿ ಗಾಳಿಗೆ ಅದು 275 ಕೆಲ್ವಿನ್, ಅಂದರೆ 2 ಡಿಗ್ರಿ ಸೆಲ್ಸಿಯಸ್. ಔಟ್‌ಪುಟ್‌ನಲ್ಲಿ 275 ಕಂಡು "ಹಿಮ ಕರಗುತ್ತಿದೆ" ಎಂದು ಬರೆದವರಿದ್ದಾರೆ.

4. ಪದರಗಳನ್ನು ತೆಳ್ಳಗೆ ಮಾಡಿ

ಸಾಮಾನ್ಯ ಹವಾಮಾನ ಮಾಡೆಲ್‌ನಲ್ಲಿ ಮೊದಲ ಲೆಕ್ಕದ ಬಿಂದು ನೆಲದಿಂದ 10ರಿಂದ 30 ಮೀಟರ್ ಮೇಲಿರುತ್ತದೆ. ಇಡೀ ಗಡಿಪದರವೇ 30 ಮೀಟರ್ ಇರುವ ಕಡೆ ಒಂದೇ ಬಿಂದು ಇಟ್ಟುಕೊಂಡು ಏನು ನೋಡುತ್ತೀರಿ?

ನಾನು ಬಳಸುವ ಲೆಕ್ಕ ಹೀಗಿದೆ. ಮೊದಲ ಪದರ 1 ಮೀಟರ್. ಆಮೇಲೆ ಒಂದೊಂದು ಪದರವೂ ಹಿಂದಿನದಕ್ಕಿಂತ ಶೇಕಡಾ 7 ದಪ್ಪ. ಹೀಗೆ 60 ಪದರ ಹಾಕಿದರೆ 800 ಮೀಟರ್ ಮುಟ್ಟುತ್ತೀರಿ. ಅದರ ಮೇಲೆ ಧಾರಾಳವಾಗಿ ದಪ್ಪ ಮಾಡಿಕೊಳ್ಳಬಹುದು. ಪದರದ ದಪ್ಪವನ್ನು ತಟ್ಟನೆ ದುಪ್ಪಟ್ಟು ಮಾಡಬೇಡಿ, ಆ ಜಾಗದಲ್ಲಿ ಸುಳ್ಳು ಇನ್ವರ್ಷನ್ ಹುಟ್ಟುತ್ತದೆ.

ಪದರ ತೆಳ್ಳಗಾದರೆ ಟೈಮ್ ಸ್ಟೆಪ್, ಅಂದರೆ ಮಾಡೆಲ್ ಒಂದು ಸಲಕ್ಕೆ ಮುಂದೆ ಹೋಗುವ ಸಮಯ, ಕೂಡ ಚಿಕ್ಕದಾಗಬೇಕು. 1 ಮೀಟರ್ ಪದರ, ಕಲಕಾಟದ ಗುಣಾಂಕ (ಗಾಳಿ ಎಷ್ಟು ಜೋರಾಗಿ ಬೆರೆಯುತ್ತದೆ ಎಂಬ ಅಂಕಿ) ಸೆಕೆಂಡಿಗೆ 0.1 ಚದರ ಮೀಟರ್ ಇದ್ದರೆ, ನೇರ ಲೆಕ್ಕದ ವಿಧಾನಕ್ಕೆ 5 ಸೆಕೆಂಡೇ ಮಿತಿ. ಹಗಲಲ್ಲಿ ಗುಣಾಂಕ ನೂರು ಪಟ್ಟಾದರೆ ಮಿತಿ 0.05 ಸೆಕೆಂಡಿಗೆ ಇಳಿಯುತ್ತದೆ. ಆದ್ದರಿಂದ ಲಂಬ ಕಲಕಾಟಕ್ಕೆ ಇಂಪ್ಲಿಸಿಟ್ ವಿಧಾನ ಬಳಸಿ. ಅಂದರೆ ಮುಂದಿನ ಕ್ಷಣದ ಎಲ್ಲಾ ಪದರಗಳ ಬೆಲೆಯನ್ನು ಒಟ್ಟಿಗೆ ಬಿಡಿಸುವ ವಿಧಾನ. ಅದಿದ್ದರೆ 5-10 ಸೆಕೆಂಡಿನ ಸ್ಟೆಪ್ ಸಾಕು.

5. ಗಾಳಿಯನ್ನು ತಳ್ಳುವುದು ಯಾವುದು

ಕಂಬದ ಮಾಡೆಲ್‌ಗೆ ಸುತ್ತಲಿನ ಒತ್ತಡ ಗೊತ್ತಿರುವುದಿಲ್ಲ. ಅದನ್ನು ಜಿಯೋಸ್ಟ್ರೋಫಿಕ್ ಗಾಳಿ ಎಂಬ ರೂಪದಲ್ಲಿ ಕೊಡಬೇಕು. ಘರ್ಷಣೆ ಇಲ್ಲದಿದ್ದರೆ ಒತ್ತಡ ಮತ್ತು ಭೂಮಿಯ ತಿರುಗುವಿಕೆ ಸೇರಿ ಎಷ್ಟು ಗಾಳಿ ಬೀಸಿಸುತ್ತಿದ್ದವೋ ಅದೇ ಇದು.

ಭೂಮಿಯ ತಿರುಗುವಿಕೆ ಗಾಳಿಯನ್ನು ಎಷ್ಟು ತಿರುಗಿಸುತ್ತದೆ ಎಂದು ಹೇಳುವ ಕೋರಿಯಾಲಿಸ್ ಗುಣಾಂಕ ಇಲ್ಲಿ ಮೈನಸ್! 75.1 ಡಿಗ್ರಿ ದಕ್ಷಿಣಕ್ಕೆ ಅದು ಸೆಕೆಂಡಿಗೆ ಮೈನಸ್ 0.000141. ನಾನು ಮೊದಲ ಸಲ ಈ ಮೈನಸ್ ಬಿಟ್ಟು ಮೂರು ದಿನ ಕಲಕಾಟದ ಕೋಡ್ ಕೆದಕಿದ್ದೇನೆ. ಗಾಳಿಯ ವೇಗದ ಚಿತ್ರ ಪೂರ್ತಿ ಸರಿಯಾಗಿಯೇ ಬರುತ್ತದೆ, ಅದಕ್ಕೇ ತಪ್ಪು ಸಿಕ್ಕಿಬೀಳುವುದಿಲ್ಲ. ದಿಕ್ಕು ನೋಡಿ. ದಕ್ಷಿಣಾರ್ಧದಲ್ಲಿ ಮೇಲೆ ಹೋದಂತೆ ಗಾಳಿ ಗಡಿಯಾರದ ಎದುರು ದಿಕ್ಕಿಗೆ ತಿರುಗಬೇಕು. ನಿಮ್ಮದು ಗಡಿಯಾರದ ದಿಕ್ಕಿಗೆ ತಿರುಗುತ್ತಿದ್ದರೆ ಚಿಹ್ನೆ ತಪ್ಪಿದೆ.

ಇನ್ನೊಂದು, ಇಳಿಜಾರು. ಡೋಮ್ ಅಂದರೆ ಗುಮ್ಮಟದ ನೆತ್ತಿ, ಅಲ್ಲಿ ನೆಲ ಹೆಚ್ಚುಕಡಿಮೆ ಮಟ್ಟಸ. ಆದರೆ ನೀವು ಅಲ್ಲಿಂದ ದೂರದ ಬೇರೆ ಜಾಗ ಆರಿಸಿಕೊಂಡರೆ ಈ ಲೆಕ್ಕ ಮಾಡಿ. ಸಾವಿರಕ್ಕೆ ಒಂದು ಇಳಿಜಾರು. ಕಣ್ಣಿಗೆ ಕಾಣುವುದೇ ಇಲ್ಲ. 20 ಡಿಗ್ರಿ ಇನ್ವರ್ಷನ್. ತಣ್ಣನೆಯ ಭಾರದ ಗಾಳಿ ಕೆಳಗೆ ಜಾರುವ ಬಲ ಎಷ್ಟು? ಗುರುತ್ವ 9.8, ಇಳಿಜಾರು 0.001, ತಾಪಮಾನದ ಅನುಪಾತ 20 ಭಾಗಿಸು 270. ಗುಣಿಸಿದರೆ 0.0007. ಈಗ ಸೆಕೆಂಡಿಗೆ 5 ಮೀಟರ್ ವೇಗದ ಜಿಯೋಸ್ಟ್ರೋಫಿಕ್ ಗಾಳಿಯ ಬಲ: 5 ಗುಣಿಸು 0.000141. ಅದೂ 0.0007! ಕಾಣದ ಇಳಿಜಾರು ಇಡೀ ಹವಾಮಾನ ವ್ಯವಸ್ಥೆಯಷ್ಟೇ ಜೋರಾಗಿ ಗಾಳಿಯನ್ನು ತಳ್ಳುತ್ತಿದೆ. ಈ ಪದ ನಿಮ್ಮ ಸಮೀಕರಣದಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಹೀಗೆ ಜಾರುವ ಗಾಳಿಗೇ ಕ್ಯಾಟಬ್ಯಾಟಿಕ್ ಗಾಳಿ ಎನ್ನುವುದು. ಕರಾವಳಿಯ ಕಡೆಗಿರುವ ನಮ್ಮ ಮೈತ್ರಿ ನಿಲ್ದಾಣದಲ್ಲಿ ಇದ್ದು ಬಂದವರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ.

6. ಹಿಮದ ಮೇಲ್ಮೈ

ಮೊದಲ ಓಟದಲ್ಲಿ ಮೇಲ್ಮೈ ತಾಪಮಾನವನ್ನು ಅಳತೆಯಿಂದಲೇ ಕೊಡಿ. ಹಿಮದ ಮಾಡೆಲ್ ಆಮೇಲೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ತಪ್ಪು ಯಾರದ್ದು ಎಂದು ತಿಳಿಯುವುದಿಲ್ಲ.

"ತಾಪಮಾನದ ಬದಲು ಶಾಖದ ಹರಿವನ್ನು ಕೊಡಬಹುದಾ?" ಹಗಲಿಗಾದರೆ ಕೊಡಬಹುದು. ಇನ್ವರ್ಷನ್ ಇರುವಾಗ ಬೇಡ. ಕಾರಣ ಸ್ವಲ್ಪ ತಮಾಷೆಯಾಗಿದೆ. ಗಾಳಿಯಿಂದ ಹಿಮಕ್ಕೆ ಇಳಿಯುವ ಶಾಖ ಎರಡು ಸಂಗತಿಗಳ ಗುಣಲಬ್ಧ: ತಾಪಮಾನದ ವ್ಯತ್ಯಾಸ ಮತ್ತು ಕಲಕಾಟ. ಊಟಕ್ಕೆ ಹತ್ತು ಜನ ಬಂದರು ಎಂದಿಟ್ಟುಕೊಳ್ಳಿ. ಕರೆದದ್ದೇ ಹತ್ತು ಜನರನ್ನೋ, ನೂರು ಜನರನ್ನು ಕರೆದು ಬಸ್ಸು ಸಿಗಲಿಲ್ಲವೋ? ಎಲೆ ಎಣಿಸಿ ಹೇಳಲಾಗದು. ಹಾಗೆಯೇ ವ್ಯತ್ಯಾಸ ಕಡಿಮೆ, ಕಲಕಾಟ ಜಾಸ್ತಿ ಇದ್ದರೂ ಅದೇ ಹರಿವು. ವ್ಯತ್ಯಾಸ ಭಾರಿ, ಕಲಕಾಟ ಸತ್ತಿದ್ದರೂ ಅದೇ ಹರಿವು. ಒಂದು ಅಂಕಿಗೆ ಎರಡು ಉತ್ತರ. ಮಾಡೆಲ್ ಯಾವುದನ್ನು ಹಿಡಿಯುತ್ತದೋ ಅದರ ಅದೃಷ್ಟ. ತಾಪಮಾನ ಕೊಟ್ಟರೆ ಈ ಗೊಂದಲವಿಲ್ಲ.

ಹಿಮದ ಮಾಡೆಲ್ ಸೇರಿಸುವಾಗ ಮೇಲಿನ ಪದರ ಒಂದು ಸೆಂಟಿಮೀಟರ್ ಅಥವಾ ಅದಕ್ಕೂ ತೆಳ್ಳಗಿರಲಿ. ಅಲ್ಲಿನ ಮೇಲ್ಪದರದ ಹಿಮ ಹಗುರ, ಘನ ಮೀಟರಿಗೆ 300 ಕಿಲೋ ಆಸುಪಾಸು. ಶಾಖ ಸರಿಯಾಗಿ ಸಾಗಿಸುವುದಿಲ್ಲ. ಶಾಖದ ವಾಹಕತೆ ಮೀಟರಿಗೆ, ಡಿಗ್ರಿಗೆ 0.2 ವ್ಯಾಟ್ ಎಂದು ಹಿಡಿದರೆ, ಒಂದು ದಿನದ ಬಿಸಿ-ತಂಪಿನ ಅಲೆ ಹತ್ತು ಸೆಂಟಿಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಮೂರನೇ ಒಂದಕ್ಕೆ ಕುಗ್ಗುತ್ತದೆ. ನಿಮ್ಮ ಮೇಲ್ಪದರವೇ ಹತ್ತು ಸೆಂಟಿಮೀಟರ್ ಇದ್ದರೆ ಅದು ಹಿಮವಲ್ಲ, ಹಾಸುಗಲ್ಲು. ರಾತ್ರಿ ತಣಿಯುವುದೇ ಇಲ್ಲ. ಮೊದಲು ಹೇಳಿದ 'ಬೆಚ್ಚನೆಯ ಅಭ್ಯಾಸ'ಗಳಲ್ಲಿ ಇದು ಒಂದು.

ಆಲ್ಬೆಡೋ, ಅಂದರೆ ಬಿಸಿಲನ್ನು ತಿರುಗಿಸಿ ಕಳಿಸುವ ಪ್ರಮಾಣ, 0.8ರ ಮೇಲಿರಲಿ. ಒರಟುತನದ ಎತ್ತರ ಒಂದು ಮಿಲಿಮೀಟರ್ ಅಥವಾ ಕಡಿಮೆ. ಗಾಳಿ ಕೊರೆದ ಹಿಮದ ಏಣುಗಳಿಗೆ ಸಸ್ತ್ರುಗಿ ಎನ್ನುತ್ತಾರೆ. ಗಾಳಿ ಅವುಗಳ ಉದ್ದಕ್ಕೆ ಬೀಸಿದರೆ ಒಂದು ಒರಟುತನ, ಅಡ್ಡ ಬೀಸಿದರೆ ಇನ್ನೊಂದು. ಹಾಗಾಗಿ ಈ ಅಂಕಿಯ ದಶಮಾಂಶಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

7. ಕಲಕಾಟ, ಮತ್ತು ಕೋಡ್‌ನಲ್ಲಿ ಅಡಗಿದ ತಳಮಿತಿಗಳು

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಟರ್ಬ್ಯುಲೆನ್ಸ್ ಎಂಬ ಕಲಕಾಟವನ್ನು ಮಾಡೆಲ್ ನೇರವಾಗಿ ಲೆಕ್ಕ ಹಾಕುವುದಿಲ್ಲ, ಅಂದಾಜಿಸುತ್ತದೆ. ನೆಲದ ಹತ್ತಿರ ಮೋನಿನ್ ಮತ್ತು ಒಬುಖೋವ್ 1954ರಲ್ಲಿ ಕೊಟ್ಟ ಸಿದ್ಧಾಂತವೇ ಇವತ್ತಿಗೂ ಬುನಾದಿ. ಅದರಲ್ಲಿ 'ಸ್ಥಿರತೆಯ ಫಂಕ್ಷನ್' ಎಂಬುದೊಂದಿದೆ. ಇನ್ವರ್ಷನ್ ಗಟ್ಟಿಯಾದಂತೆ ಕಲಕಾಟ ಎಷ್ಟು ಬೇಗ ಸಾಯುತ್ತದೆ ಎಂದು ಹೇಳುವುದು ಅದರ ಕೆಲಸ. ಇದರಲ್ಲಿ ಎರಡು ಜಾತಿ. ಗಿಡ್ಡ ಬಾಲದ್ದು: ಕಲಕಾಟ ಬೇಗ ಸಾಯುತ್ತದೆ. ಉದ್ದ ಬಾಲದ್ದು: ಎಷ್ಟು ಗಟ್ಟಿ ಇನ್ವರ್ಷನ್ ಇದ್ದರೂ ಸ್ವಲ್ಪ ಕಲಕಾಟ ಉಳಿಯುತ್ತದೆ.

ಹವಾಮಾನ ಕೇಂದ್ರಗಳು ಉದ್ದ ಬಾಲವನ್ನು ಬೇಕೆಂದೇ ಇಟ್ಟುಕೊಂಡಿವೆ. ದೊಡ್ಡ ಚೌಕದಲ್ಲಿ ಗುಡ್ಡ, ಮರ, ಊರು ಎಲ್ಲ ಇರುತ್ತವೆ. ಅವೆಲ್ಲ ಸೇರಿ ಸ್ವಲ್ಪ ಕಲಕುತ್ತವೆ. ಗಿಡ್ಡ ಬಾಲ ಹಾಕಿದರೆ ರಾತ್ರಿ ನೆಲ ಗಾಳಿಯಿಂದ ಕಡಿದುಕೊಂಡು ಹುಚ್ಚಾಪಟ್ಟೆ ತಣ್ಣಗಾಗುತ್ತದೆ, ಮುನ್ಸೂಚನೆ ಕೆಡುತ್ತದೆ. ಅವರ ಲೆಕ್ಕ ಅವರಿಗೆ ಸರಿ. ಆದರೆ ಡೋಮ್ ಸಿಯಲ್ಲಿ ಗುಡ್ಡವೂ ಇಲ್ಲ, ಮರವೂ ಇಲ್ಲ. ಅಲ್ಲಿ ನೆಲ ಗಾಳಿಯಿಂದ ನಿಜವಾಗಿಯೂ ಕಡಿದುಕೊಳ್ಳುತ್ತದೆ. ಉದ್ದ ಬಾಲ ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಗೆ ಸೋರಿಸುತ್ತಲೇ ಇರುತ್ತದೆ. ನೀವು ಕೇಳುವ ಏಳೆಂಟು ಡಿಗ್ರಿಯಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ಗಿಡ್ಡ ಬಾಲದ ಫಂಕ್ಷನ್ ಹಾಕಿ ನೋಡಿ.

ಹಾಕಿದರೂ ಏನೂ ಬದಲಾಗಲಿಲ್ಲವೇ? ಆಗ ಕೋಡ್ ಫೈಲ್ ತೆರೆದು 'ಮ್ಯಾಕ್ಸ್' ಎಂಬ ಪದ ಹುಡುಕಿ. ಮಾಡೆಲ್ ನಿಂತುಹೋಗದಿರಲಿ ಎಂದು ಬರೆದವರು ಅಲ್ಲಲ್ಲಿ ತಳಮಿತಿ ಇಟ್ಟಿರುತ್ತಾರೆ. ಸಾಮಾನ್ಯವಾಗಿ ನಾಲ್ಕು ಕಡೆ:

- ಗಾಳಿಯ ವೇಗ ಇಷ್ಟಕ್ಕಿಂತ ಕಡಿಮೆಯಾಗಬಾರದು
- ಘರ್ಷಣೆ ವೇಗ, ಅಂದರೆ ನೆಲವನ್ನು ಗಾಳಿ ಉಜ್ಜುವ ಜೋರು, ಸೆಕೆಂಡಿಗೆ 0.1 ಮೀಟರ್‌ಗಿಂತ ಇಳಿಯಬಾರದು
- ಕಲಕಾಟದ ಗುಣಾಂಕ ಸೊನ್ನೆಯಾಗಬಾರದು
- ಟಿಕೆಇ, ಅಂದರೆ ಕಲಕಾಟದ ಶಕ್ತಿ, ಒಂದು ಕನಿಷ್ಠದಲ್ಲಿ ನಿಲ್ಲಬೇಕು

ಬೆಂಗಳೂರಿನ ಮೇಲೆ ಓಡಿಸಿದರೆ ಈ ಸಾಲುಗಳು ಕೆಲಸಕ್ಕೆ ಬರುವುದು ಕಡಿಮೆ, ಗಾಳಿ ಸಾಮಾನ್ಯವಾಗಿ ಅವಕ್ಕಿಂತ ಮೇಲಿರುತ್ತದೆ. ಡೋಮ್ ಸಿಯ ಶಾಂತ ರಾತ್ರಿಯಲ್ಲಿ ಮಾಡೆಲ್ ಇಡೀ ಹೊತ್ತು ಆ ತಳಮಿತಿಯ ಮೇಲೆಯೇ ಕೂತಿರುತ್ತದೆ. ನೀವು ಯಾವ ಫಂಕ್ಷನ್ ಹಾಕಿದರೂ ಓಡುವುದು ಆ ಒಂದು ಅಂಕಿ.

ಪತ್ತೆ ಹಚ್ಚುವುದು ಸುಲಭ. ಘರ್ಷಣೆ ವೇಗವನ್ನು ಸಮಯದ ಎದುರು ಗ್ರಾಫ್ ಹಾಕಿ. ಗೆರೆ ಕೆಳಗೆ ಇಳಿದು ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿ ಗಂಟೆಗಟ್ಟಲೆ ಹೋಗುತ್ತಿದೆಯಾ? ಅದು ತಳಮಿತಿ. ನಿಜವಾದ ಗಾಳಿ ಹಾಗೆ ಗೆರೆ ಎಳೆಯುವುದಿಲ್ಲ. ಮಿತಿಯನ್ನು ನೂರನೇ ಒಂದಕ್ಕೆ ಇಳಿಸಿ. ಪೂರ್ತಿ ತೆಗೆಯಬೇಡಿ, ಸೊನ್ನೆಯಿಂದ ಭಾಗಿಸಿ ಮಾಡೆಲ್ ಬಿದ್ದುಹೋಗುತ್ತದೆ.

8. ವಿಕಿರಣ: ಹತ್ತು ವ್ಯಾಟ್‌ನ ಬೆಲೆ

ಬೇರೆ ಕಡೆ ಹತ್ತು ವ್ಯಾಟ್ ತಪ್ಪಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಕೆಡಿಸಿಕೊಳ್ಳಬೇಕು. ಲೆಕ್ಕ ಮಾಡೋಣ. 27 ಡಿಗ್ರಿಯ ನೆಲ ಚದರ ಮೀಟರಿಗೆ 459 ವ್ಯಾಟ್ ಶಾಖ ಹೊರಸೂಸುತ್ತದೆ. ಅದರ ತಾಪಮಾನ ಒಂದು ಡಿಗ್ರಿ ಏರಿದರೆ 6.1 ವ್ಯಾಟ್ ಜಾಸ್ತಿ ಸೂಸುತ್ತದೆ. ಮೈನಸ್ 60ರ ಹಿಮ ಸೂಸುವುದು 117 ವ್ಯಾಟ್ ಮಾತ್ರ. ಒಂದು ಡಿಗ್ರಿಗೆ 2.2 ವ್ಯಾಟ್. ಈಗ ಆಕಾಶದಿಂದ ಬರುವ ಶಾಖದಲ್ಲಿ 10 ವ್ಯಾಟ್ ತಪ್ಪು ಎಂದಿಟ್ಟುಕೊಳ್ಳಿ. ಬರೀ ವಿಕಿರಣವೇ ಸರಿದೂಗಿಸಬೇಕಾದರೆ ಬೆಚ್ಚನೆ ನೆಲದಲ್ಲಿ 1.6 ಡಿಗ್ರಿ ತಪ್ಪು. ಹಿಮದಲ್ಲಿ ನಾಲ್ಕೂವರೆ ಡಿಗ್ರಿ!

ಚಳಿಗಾಲದಲ್ಲಿ ಅಲ್ಲಿನ ಶಾಖದ ವ್ಯವಹಾರವೆಲ್ಲ ಹತ್ತಿಪ್ಪತ್ತು ವ್ಯಾಟ್‌ಗಳದ್ದು. ಹಾಗಾಗಿ ಮಾಡೆಲ್‌ನ ಕೆಳಮುಖ ಶಾಖವನ್ನು ಬಿಎಸ್‌ಆರ್‌ಎನ್ ಅಳತೆಯ ಪಕ್ಕ ಇಟ್ಟು ನೋಡದೆ ಮುಂದೆ ಹೋಗಬೇಡಿ. ಮೋಡವಿಲ್ಲದ ದಿನಗಳನ್ನು ಬೇರೆ ಮಾಡಿ. ಅಲ್ಲಿ ಸರಿ ಇದ್ದು ಮೋಡದ ದಿನ ತಪ್ಪಿದ್ದರೆ ದೋಷ ಮೋಡದ್ದು. ತೆಳ್ಳನೆಯ ಹಿಮಹರಳಿನ ಮೋಡ ಮಾಡೆಲ್‌ಗಳಿಗೆ ಯಾವಾಗಲೂ ಕಷ್ಟ.

9. ಎರಡು ಮೀಟರ್ ತಾಪಮಾನ ನೋಡಿ ತೀರ್ಪು ಕೊಡಬೇಡಿ

ಎಲ್ಲರೂ ಮೊದಲು ಹಾಕುವ ಗ್ರಾಫ್ 2 ಮೀಟರ್ ತಾಪಮಾನ. ಆದರೆ ಮಾಡೆಲ್‌ನ ಮೊದಲ ಬಿಂದು ಮೇಲಿದ್ದರೆ ಅದು ಲೆಕ್ಕ ಹಾಕಿದ ತಾಪಮಾನವಲ್ಲ. ಮೇಲ್ಮೈ ಮತ್ತು ಮೊದಲ ಬಿಂದುವಿನ ನಡುವೆ ಅದೇ ಸ್ಥಿರತೆಯ ಫಂಕ್ಷನ್ ಬಳಸಿ ಎಳೆದ ಅಂದಾಜು. ಎರಡು ತಪ್ಪು ಸೇರಿ ಒಂದು ಸರಿ ಉತ್ತರ ಬರಬಹುದು.

ಬದಲಿಗೆ ಈ ಗ್ರಾಫ್ ಹಾಕಿ. ಚಳಿಗಾಲದ, ಮೋಡವಿಲ್ಲದ ಹೊತ್ತುಗಳನ್ನಷ್ಟೇ ಆರಿಸಿ. ಅಡ್ಡ ಅಕ್ಷದಲ್ಲಿ 10 ಮೀಟರ್ ಎತ್ತರದ ಗಾಳಿಯ ವೇಗ. ಲಂಬ ಅಕ್ಷದಲ್ಲಿ 10 ಮೀಟರ್ ತಾಪಮಾನದಿಂದ ಮೇಲ್ಮೈ ತಾಪಮಾನ ಕಳೆದದ್ದು. ಅಳತೆಯಲ್ಲಿ ಚುಕ್ಕಿಗಳು ಎರಡು ಗುಂಪಾಗುತ್ತವೆ. ಗಾಳಿ ಸೆಕೆಂಡಿಗೆ 5 ಮೀಟರ್‌ಗಿಂತ ಕಡಿಮೆ ಇದ್ದಾಗ ವ್ಯತ್ಯಾಸ 20 ಡಿಗ್ರಿ ದಾಟುತ್ತದೆ. 7ರ ಮೇಲಿದ್ದರೆ ಕೆಲವೇ ಡಿಗ್ರಿ. ನಡುವೆ ಕಡಿದಾದ ಜಾರು. ಅಂದರೆ ಆ ಗಡಿಪದರಕ್ಕೆ ಎರಡೇ ಮನಸ್ಥಿತಿ: ಕಲಕಿದ್ದು ಅಥವಾ ಕಡಿದುಕೊಂಡದ್ದು.

ಈಗ ಮಾಡೆಲ್‌ನ ಚುಕ್ಕಿಗಳನ್ನು ಮೇಲೆ ಹಾಕಿ. ನಡುವಿನ ಜಾರು ಕಡಿದಾಗಿರದೆ ಉದ್ದಕ್ಕೆ ಮಲಗಿದ್ದರೆ ಇನ್ನೂ ಕಲಕಾಟ ಜಾಸ್ತಿ ಇದೆ, ಏಳನೇ ಹಂತಕ್ಕೆ ಹೋಗಿ. ಜಾರು ಸರಿ ಇದ್ದು ಎಡಗಡೆಯ ಗುಂಪು ಮಾತ್ರ ಕೆಳಗಿದ್ದರೆ ಎಂಟನೇ ಹಂತ, ಇಲ್ಲವೇ ಹಿಮದ ದಪ್ಪ ಪದರ. ಇಡೀ ಚಿತ್ರ ಎಡಕ್ಕೋ ಬಲಕ್ಕೋ ಸರಿದಿದ್ದರೆ ಒರಟುತನ, ಅಥವಾ ಸೆನ್ಸರ್‌ನ ಎತ್ತರ. ಒಂದೇ ಗ್ರಾಫ್‌ನಲ್ಲಿ ರೋಗ, ಔಷಧಿ ಎರಡೂ ಸಿಗುತ್ತವೆ. ಇದನ್ನು ಕಲಿತ ಮೇಲೆ ನಾನು 2 ಮೀಟರ್ ಗ್ರಾಫ್ ನೋಡುವುದನ್ನೇ ಬಿಟ್ಟಿದ್ದೇನೆ.

ತಿಂಗಳುಗಟ್ಟಲೆ ಓಡಿಸುವುದಾದರೆ ಒಂದು ಸೇರ್ಪಡೆ. ಪ್ರಸ್ಥಭೂಮಿಯ ಅಂಚಿಗೆ ಗಾಳಿ ಜಾರಿ ಹೋಗುತ್ತಿರುವುದರಿಂದ ನೆತ್ತಿಯ ಮೇಲೆ ಗಾಳಿ ನಿಧಾನಕ್ಕೆ ಕೆಳಗಿಳಿಯುತ್ತಿರುತ್ತದೆ. ಇಳಿದ ಗಾಳಿ ಬಿಸಿಯಾಗುತ್ತದೆ. ಒಂದು ದಿನದ ಓಟಕ್ಕೆ ಇದನ್ನು ಬಿಟ್ಟರೂ ನಡೆಯುತ್ತದೆ. ತಿಂಗಳ ಓಟದಲ್ಲಿ ಬಿಟ್ಟರೆ ಇನ್ವರ್ಷನ್ ದಿನೇದಿನೇ ದಪ್ಪವಾಗುತ್ತಾ ಇಡೀ ಕಂಬ ತಣ್ಣಗಾಗುತ್ತಾ ಹೋಗುತ್ತದೆ.

10. ಆಮೇಲೆ ಮೂರು ಆಯಾಮ

ಕಂಬದ ಮಾಡೆಲ್ ಮೇಲಿನ ಪರೀಕ್ಷೆ ದಾಟಿದ ಮೇಲೆ ಅದೇ ಪದರಗಳು, ಅದೇ ಫಂಕ್ಷನ್, ಅದೇ ತಳಮಿತಿಗಳನ್ನು ದೊಡ್ಡ ಮಾಡೆಲ್‌ಗೆ ಒಯ್ಯಿರಿ. ಡಬ್ಲ್ಯುಆರ್‌ಎಫ್ ಬಳಸುವವರಿಗೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು ಧ್ರುವಗಳಿಗೆಂದೇ ತಿದ್ದಿದ ಪೋಲಾರ್ ಡಬ್ಲ್ಯುಆರ್‌ಎಫ್ ಇದೆ. ಹಿಮಪ್ರದೇಶಗಳಿಗೆ ಹೆಚ್ಚಾಗಿ ಬಳಸುವ ಮಾರ್, ರಾಕ್ಮೋ ಎಂಬ ಪ್ರಾದೇಶಿಕ ಮಾಡೆಲ್‌ಗಳೂ ಇವೆ. ನಕ್ಷೆಯ ಗ್ರಿಡ್ ಆಯ್ಕೆಯಲ್ಲಿ ಪೋಲಾರ್ ಸ್ಟೀರಿಯೋಗ್ರಾಫಿಕ್ ಆರಿಸಿ. ಔಟ್‌ಪುಟ್‌ನ ಗಾಳಿಯ ಘಟಕಗಳು ಆಗ ಗ್ರಿಡ್‌ನ ದಿಕ್ಕಿನಲ್ಲಿರುತ್ತವೆ, ಪೂರ್ವ-ಉತ್ತರದ ದಿಕ್ಕಿನಲ್ಲಲ್ಲ. ತಿರುಗಿಸಿಕೊಂಡೇ ಟವರ್ ಜೊತೆ ಹೋಲಿಸಿ.

ಎಲ್‌ಇಎಸ್, ಅಂದರೆ ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕುವ ಮಾಡೆಲ್, ಆಸೆ ಹುಟ್ಟಿಸುತ್ತದೆ. ಆದರೆ ಈ ಇನ್ವರ್ಷನ್‌ನಲ್ಲಿ ಸುಳಿಗಳೇ ಒಂದೆರಡು ಮೀಟರ್. ಒಂದು ಮೀಟರ್ ಅಥವಾ ಅದಕ್ಕೂ ಚಿಕ್ಕ ಗ್ರಿಡ್ ಬೇಕು. ಲ್ಯಾಪ್‌ಟಾಪ್‌ನ ಕೆಲಸವಲ್ಲ, ದೊಡ್ಡ ಕಂಪ್ಯೂಟರ್‌ನಲ್ಲಿ ಸರದಿ ಹಿಡಿಯಬೇಕು. ಸರದಿ ಬರುವಷ್ಟರಲ್ಲಿ ಕಂಬದ ಮಾಡೆಲ್‌ನಲ್ಲಿ ಇಡೀ ಚಳಿಗಾಲ ಓಡಿಸಿ ಮುಗಿಸಿರಬಹುದು.